ಹಸಿರು ಅಂಚಿನ ರಸ್ತೆ

“ಅಲ್ಲ ಕಣಮ್ಮ, ವರ್ಷದಲ್ಲಿ ಇಷ್ಟೊಂದು ದಿನ ಬಿದ್ದಿದಾವೆ. ಹುಡುಕಿ ಹುಡುಕಿ ಇವತ್ತೇ ಸಿಕ್ತಾ ನಿಂಗೆ? ಕಪ್ಪು ಶನಿವಾರ!”

ಒನೋರೆ ಪಿಸುಗುಟ್ಟಿದ್ದೇನೋ ನಿಜ. ಆದರೆ ಅವನ ಪಿಸುಮಾತು ಯಾವತ್ತೂ ಬೀದಿಯ ಆಚೆ ಬದಿಗೂ ಕೇಳುವಂಥದು. ಅಬೆಲ್‌ನ ಶವಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಚರ್ಚಿನ ಮೆಟ್ಟಿಲಿಳಿಯುತ್ತಿದ್ದ ನಾಲ್ವರಲ್ಲಿ ಒಬ್ಬ ನಗು ತಡೆಯಲು ತುಟಿ ಕಚ್ಚಿಕೊಂಡ. ಸೊಲಾಂಜ್ ಗಂಡನ ಪೆಟ್ಟಿಗೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

“ದಿನ ಗೊತ್ತು ಮಾಡಿದ್ದು ನಾನಲ್ಲ ಒನೋರೆ, ಅಬೆಲ್ ಅಕ್ಕ. ಜೆರ್ಮೇನ್. ಅವರ ಕಡೆಯವರೆಲ್ಲ ಈ ವಾರ ರಜೆಗೆ ಅಂತ ಅವರೂರು ಬೆಝಿಯೆಲ್ಲಿ ಸೇರಿರ್ತಾರಂತೆ. ಮಣ್ಣು ಕೊಡೋಕೆ ಜನ ಇರ್ತಾರೆ ಅಂದ್ರು.”

“ಜನ ಇರ್ತಾರೆ, ಸರಿ. ಹೆಣ ಹೋಗಿ ಮುಟ್ಟಬೇಕಲ್ಲ!”

ಕಪ್ಪು ಶನಿವಾರ ಅಂದರೆ ಆಗಸ್ಟಿನ ಮೊದಲ ಶನಿವಾರ. ಜುಲೈ ರಜೆ ಮುಗಿಸಿದವರು ಸಮುದ್ರದಿಂದ ಮನೆಗೆ ಮರಳುವುದೂ ಅಂದೇ, ಆಗಸ್ಟ್ ರಜೆಯವರು ಮನೆಯಿಂದ ಸಮುದ್ರಕ್ಕೆ ಹೊರಡುವುದೂ ಅಂದೇ. ಇಡೀ ದೇಶ ಒಂದೇ ಸಲ ರಸ್ತೆಗೆ ಇಳಿಯುತ್ತದೆ. ಯಾವ ದಿನ ರಸ್ತೆ ಹೇಗಿರುತ್ತದೆಂದು ಬಣ್ಣ ಬಳಿದು ತೋರಿಸುವ ಕ್ಯಾಲೆಂಡರಿನಲ್ಲಿ ಆ ಚೌಕ ಮಾತ್ರ ಕಪ್ಪಗಿರುತ್ತದೆ. ಅಬೆಲ್ ಕಸ್ತಾನ್ಯೆ ಪ್ರತಿ ವರ್ಷ ಆ ಕ್ಯಾಲೆಂಡರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದ. ಮೆಟ್ಟಿಲಲ್ಲಿ ಎದುರಾದ ನೆರೆಯವರನ್ನೆಲ್ಲ ನಿಲ್ಲಿಸಿ, “ಆವತ್ತೊಂದು ದಿನ ಹೊರಡಬೇಡ್ರಪ್ಪಾ” ಎನ್ನುತ್ತಿದ್ದ. ಕ್ಲೆರ್ಮೋಂ ನಗರದ ಅಂಚೆ ವಿಂಗಡಣೆಯ ಕೇಂದ್ರದಲ್ಲಿ ಊರೂರಿನ ಹೆಸರು ಓದಿ ಗೂಡಿಗೆ ಹಾಕುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯ; ತಾನು ಕಾಣದ ಊರುಗಳಿಗೆ ಯಾರು ಯಾವಾಗ ಹೇಗೆ ಹೋಗುತ್ತಾರೆ ಎಂಬುದರ ಬಗ್ಗೆ ಅವನಿಗೆ ಬಹಳ ಕಾಳಜಿ.

ಈಗ ನೆರೆಯವರು ಅವನ ಮಾತನ್ನು ಅವನಿಗೇ ಒಪ್ಪಿಸುತ್ತಿದ್ದರು.

“ಬೇರೆ ದಿನ ಆಗಿದ್ರೆ ಖಂಡಿತ ಬೆಝಿಯೆವರೆಗೂ ಬರ್ತಿದ್ವಿ ಸೊಲಾಂಜ್.” ಮೇಲಿನ ಮಹಡಿಯ ಮದಾಮ್ ಪೆಲಿಸ್ಯೆ ಸೊಲಾಂಜ್‌ಳ ಎರಡೂ ಕೆನ್ನೆಗೆ ಮುತ್ತಿಟ್ಟಳು. “ಈಗ ಅಬೆಲ್ಲೇ ಇದ್ದಿದ್ರೆ ಬೈತಿದ್ರು, ಇವತ್ತು ಯಾಕಮ್ಮ ಕಾರು ತೆಗೆದ್ರಿ ಅಂತ.”

“ಹೌದು. ಬೈತಿದ್ದ,” ಎಂದಳು ಸೊಲಾಂಜ್.

ಅಬೆಲ್‌ನ ಇಸ್ಪೀಟು ಬಳಗದವರು ‘ನಮ್ಮ ಗೆಳೆಯನಿಗೆ’ ಎಂದು ಕೆತ್ತಿಸಿದ ಅಮೃತಶಿಲೆಯ ತುಂಡೊಂದನ್ನು ತಂದಿದ್ದರು. ಅದನ್ನು ಶವದ ಗಾಡಿಯೊಳಗೆ ಹೂವಿನ ಪಕ್ಕ ಇಟ್ಟು, “ಅಲ್ಲಿ ಸಮಾಧಿ ಮೇಲೆ ನೀನೇ ಇಟ್ಬಿಡಮ್ಮ, ನಮ್ಮ ಪರವಾಗಿ” ಅಂದರು. ಎಲ್ಲರೂ ಮುತ್ತಿಟ್ಟರು, ಭುಜ ಒತ್ತಿದರು, ಬಿಸಿಲನ್ನು ಬೈದರು. ಆಮೇಲೆ ಒಬ್ಬೊಬ್ಬರಾಗಿ ನೆರಳಿರುವ ಬದಿಗೆ ದಾಟಿ ಮನೆಗೆ ಹೋದರು.

ಉಳಿದವನು ಒನೋರೆ ಒಬ್ಬ. ಅಬೆಲ್‌ನ ಜೊತೆ ಅಂಚೆಯಲ್ಲಿ ಕೆಲಸ ಮಾಡಿದವನು. “ನಂಗೆ ಕಣ್ಣು ಕಾಣಲ್ಲ, ಕಾರು ಓಡಿಸೋಕೆ ಲೈಸೆನ್ಸಿಲ್ಲ. ಟ್ರಾಫಿಕ್ಕು ನನ್ನನ್ನೇನು ಮಾಡತ್ತೆ?” ಎಂದು ಗಾಡಿಯ ಹಿಂದಿನ ಸೀಟಿನಲ್ಲಿ ಕೂತೇಬಿಟ್ಟ. ಅವನ ಬೆನ್ನಿಗೆ ಒಂದು ತೆಳು ಗೋಡೆ, ಗೋಡೆಯ ಆಚೆ ಅಬೆಲ್. ಮುಂದೆ, ಗಾಡಿ ಓಡಿಸುವ ಸಂದ್ರಿನ್ ಪಕ್ಕದಲ್ಲಿ ಸೊಲಾಂಜ್ ಕೂತಳು. ಸಂದ್ರಿನ್ ನಲವತ್ತು ದಾಟಿದ ಹೆಂಗಸು. ಮೋಟು ಕೂದಲು, ಕಪ್ಪು ಕೋಟು, ಬಾಯಲ್ಲಿ ಪುದೀನ ಗುಳಿಗೆ. ಮೊದಲು ಸ್ಕೂಲ್ ಬಸ್ಸು ಓಡಿಸುತ್ತಿದ್ದಳಂತೆ.

“ಆ ಕೆಲಸಕ್ಕಿಂತ ಇದು ವಾಸಿ ಮದಾಮ್,” ಎಂದಳು ಬೆಲ್ಟು ಎಳೆದುಕೊಳ್ಳುತ್ತ. “ಹಿಂದೆ ಕೂತೋರು ಗಲಾಟೆ ಮಾಡಲ್ಲ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಆ ಬೆಳಿಗ್ಗೆಯಿಂದ ಸೊಲಾಂಜ್‌ಗೆ ನಗು ಬಂದದ್ದು ಅದೊಂದೇ ಸಲ.

* * *

ಮದುವೆಯಾದ ಮೊದಲ ಬೇಸಿಗೆಯಲ್ಲಿ ಅಬೆಲ್ ಅವಳನ್ನು ತನ್ನ ಹುಟ್ಟೂರು ಬೆಝಿಯೆಗೆ ಕರೆದುಕೊಂಡು ಹೊರಟಿದ್ದ. ಸೆಕೆಂಡ್ ಹ್ಯಾಂಡ್ ಪುಟ್ಟ ಕಾರು, ಮಡಿಲಲ್ಲಿ ನಕ್ಷೆ. ನಕ್ಷೆಯಲ್ಲಿ ಕೆಲವು ರಸ್ತೆಗಳ ಪಕ್ಕಕ್ಕೆ ಹಸಿರು ಅಂಚು ಇರುತ್ತದೆ. ಇದು ನೋಡಲು ಚಂದದ ದಾರಿ ಎಂದು ಅದರ ಅರ್ಥ. “ಹಸಿರು ಅಂಚು ಬಿಟ್ಟು ಒಂದು ಗಾಲಿನೂ ಆಚೆ ಇಡಲ್ಲ ನೋಡು,” ಎಂದಿದ್ದ ಅಬೆಲ್.

ಚಂದದ ದಾರಿಗಳೆಲ್ಲ ತಿರುವಿನ ದಾರಿಗಳು. ಮೊದಲ ಕಣಿವೆಗೆ ಇಳಿಯುವಾಗಲೇ ಸೊಲಾಂಜ್‌ಳ ಮುಖ ಬೆಳ್ಳಗಾಯಿತು. ಏರುವಾಗ ಏನೂ ಇಲ್ಲ. ಇಳಿಯುವಾಗಲೇ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ಅತ್ತೆಗೆ ತೋರಿಸಲೆಂದು ಕೊಂಡಿದ್ದ ಹೊಸ ಹ್ಯಾಟನ್ನೇ ಕೊನೆಗೆ ಬಾಯಿಗೆ ಹಿಡಿಯಬೇಕಾಯಿತು. ಆ ಹ್ಯಾಟು ಯಾವುದೋ ನದಿಯ ಪಾಲಾಯಿತು. ಕಣ್ಣು ಮುಚ್ಚಿಕೊಂಡೇ ಉಳಿದ ದಾರಿ ಮುಗಿಸಿದಳು. ಬೆಝಿಯೆ ಮುಟ್ಟಿದಾಗ ಸಂಜೆಯಾಗಿತ್ತು, ಮಧ್ಯಾಹ್ನದ ಅಡುಗೆ ತಣ್ಣಗಾಗಿತ್ತು.

“ಬಸಿರೇನೋ?” ಎಂದು ಅತ್ತೆ ಮಗನನ್ನು ಕೇಳಿದರು.

“ಇಲ್ಲಮ್ಮ, ತಿರುವು.”

“ಈ ಕ್ಲೆರ್ಮೋಂ ಹುಡುಗೀರೇ ಹೀಗೆ,” ಎಂದಳು ಅಬೆಲ್‌ನ ಅಕ್ಕ ಜೆರ್ಮೇನ್. “ಹೊಟ್ಟೆ ಗಟ್ಟಿ ಇರಲ್ಲ.”

ಅತ್ತೆ ಆ ಪ್ರಶ್ನೆಯನ್ನು ಮುಂದೆಯೂ ಹಲವು ಬೇಸಿಗೆ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು.

ಅಂದಿನಿಂದ ಬೆಝಿಯೆಗೆ ನೇರ ಹೆದ್ದಾರಿಯೇ ಗತಿ. ಆದರೂ ಚಳಿಗಾಲ ಬಂತೆಂದರೆ ಅಬೆಲ್ ಊಟದ ಮೇಲೆ ಮೇಜಿನ ಮೇಣಬಟ್ಟೆ ಒರೆಸಿ ನಕ್ಷೆ ಹಾಸುತ್ತಿದ್ದ. ಅವನು ಅಲ್ಲಿಂದ ಊರಿನ ಹೆಸರು, ಸೇತುವೆಯ ಹೆಸರು ಗಟ್ಟಿಯಾಗಿ ಓದುವುದು, ಇವಳು ತೊಟ್ಟಿಯ ಮುಂದೆ ಬೆನ್ನು ತಿರುಗಿಸಿ ತಟ್ಟೆ ತೊಳೆಯುತ್ತ ಹೂಂಗುಟ್ಟುವುದು.

“ಕೇಳಿಸ್ಕೊಳ್ತಿದೀಯಾ?”

“ಹೂಂ.”

“ಈ ಸಲ ಹೋಗೋಣವಾ?”

“ಬರೋ ವರ್ಷ ನೋಡೋಣ.”

ಹಾಗೆ ಎಷ್ಟು ಬರುವ ವರ್ಷಗಳು ಬಂದು ಹೋದವೋ.

* * *

ಮಧ್ಯಾಹ್ನದ ಹೊತ್ತಿಗೆ ಸೆವೆರಾಕ್ ಎಂಬ ಊರಿನ ಹತ್ತಿರ ಹೆದ್ದಾರಿ ನಿಂತುಬಿಟ್ಟಿತು. ನಿಧಾನವಾಗಲಿಲ್ಲ, ನಿಂತುಬಿಟ್ಟಿತು. ಮುಂದೆ ಮಿಯೋ ಊರಿನ ಎತ್ತರದ ಸೇತುವೆಯವರೆಗೂ ಕಾರುಗಳ ಬೆನ್ನುಗಳೇ. ಜನ ಎಂಜಿನ್ ಆರಿಸಿ ಕೆಳಗಿಳಿದಿದ್ದರು. ಯಾರೋ ಕಲ್ಲಂಗಡಿ ಕೊಯ್ಯುತ್ತಿದ್ದರು. ಪಕ್ಕದ ಕಾರಿನ ಮಾಡಿಗೆ ಗಾಳಿ ತುಂಬಿದ ಹಸಿರು ಮೊಸಳೆಯೊಂದನ್ನು ಕಟ್ಟಿದ್ದರು. ಆ ಕಾರಿನವನು ತನ್ನ ಪಕ್ಕ ನಿಂತದ್ದು ಎಂಥ ಗಾಡಿ ಎಂದು ಕಂಡವನೇ ಹಾಡು ನಿಲ್ಲಿಸಿದ, ಹುಲ್ಲಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಹಿಡಿದುಕೊಂಡೇ ಇರಬೇಕೋ ಮತ್ತೆ ಹಾಕಿಕೊಳ್ಳಬಹುದೋ ತಿಳಿಯದೆ, ಬಿಸಿಲಿಗೆ ಬೋಳುತಲೆ ಕೊಟ್ಟು ನಿಂತೇ ಇದ್ದ.

“ಪಾಪ, ಆತನಿಗೆ ಟೋಪಿ ಹಾಕ್ಕೊಳ್ಳೋಕೆ ಹೇಳಿ,” ಎಂದಳು ಸೊಲಾಂಜ್.

ಸಂದ್ರಿನ್ ಕಿಟಕಿ ಇಳಿಸಿ ಹೇಳಿದಳು. ಆತ ಕೃತಜ್ಞತೆಯಿಂದ ತಲೆಯಾಡಿಸಿ ಒಂದು ಹೋಳು ಕಲ್ಲಂಗಡಿ ಕೊಟ್ಟ.

“ಎಲ್ಲಿದೀವಿ?” ಹಿಂದಿನಿಂದ ಒನೋರೆ ಕೇಳಿದ.

“ಸೆವೆರಾಕ್ ಹತ್ರ.”

“ಹಂಗಾದ್ರೆ ಇಲ್ಲೇ. ನಾವು ಇಳ್ಕೊಳ್ತಿದ್ದಿದ್ದು ಇಲ್ಲೇ.”

“ಯಾರು ಇಳ್ಕೊಳ್ತಿದ್ದಿದ್ದು?”

“ನಾನು, ಅಬೆಲ್. ಮೀನು ಹಿಡಿಯೋಕೆ ಬಂದಾಗ.”

ಸೊಲಾಂಜ್ ಕಲ್ಲಂಗಡಿಯಿಂದ ತಲೆಯೆತ್ತಿದಳು. “ನೀವು ಮೀನಿಗೆ ಹೋಗ್ತಿದ್ದಿದ್ದು ಅಲ್ಯೇ ನದಿಗಲ್ವಾ? ಅದು ಈ ಕಡೆ ಅಲ್ವಲ್ಲ. ಅದು ಉತ್ತರಕ್ಕೆ.”

ಒನೋರೆ ಕೆಮ್ಮಿದ. ಕನ್ನಡಕ ತೆಗೆದು ಒರೆಸಿದ. ಒರೆಸಿದರೂ ಒರೆಸದಿದ್ದರೂ ಅವನಿಗೆ ಒಂದೇ.

“ಒನೋರೆ.”

“ಸತ್ತವನ ಗುಟ್ಟು ಕಣೆ.”

“ಸತ್ತವನು ನನ್ನ ಗಂಡ. ಹೇಳು.”

“ಮೀನು ಹಿಡೀಲೇ ಇಲ್ಲ ನಾವು,” ಎಂದ ಒನೋರೆ. “ಪ್ರತಿ ಜೂನಲ್ಲಿ ಇಲ್ಲಿಗೆ ಬರ್ತಿದ್ವಿ. ಹಸಿರು ರಸ್ತೆಗಳಲ್ಲಿ ಸುತ್ತುತ್ತಿದ್ವಿ. ನನ್ನ ಕಾಲ ಮಧ್ಯೆ ಒಂದು ಲೋಟ ನೀರು ಇಡೋನು ಅವನು. ತುಂಬ. ಅಂಚಿನವರೆಗೆ. ನೀನು ಹೇಳು ಎಲ್ಲಿ ಚೆಲ್ಲತ್ತೆ ಅಂತ, ಅನ್ನೋನು. ಚೆಲ್ಲಿದ ರಸ್ತೆ ಬೇಡ. ಬೇರೆ ರಸ್ತೆ. ಮುಂದಿನ ಜೂನಲ್ಲಿ ಅದು. ಅಲ್ಲೂ ಚೆಲ್ತು, ಬಿಡು. ಮತ್ತೊಂದು.”

“ಯಾಕೆ?”

“ಯಾಕೆ ಅಂತೆ! ನಿನ್ನ ಹೊಟ್ಟೆಗೆ ಕಣೆ. ನೋಟಾನೂ ಇರಬೇಕು, ನಿನಗೆ ವಾಂತೀನೂ ಬರಬಾರದು. ಅಂಥ ದಾರಿ ಹುಡುಕ್ತಿದ್ದ. ನನ್ನ ಪ್ಯಾಂಟು ಎಷ್ಟು ಸಲ ಒದ್ದೆ ಆಯ್ತು ಅಂತ ನಿಂಗೇನು ಗೊತ್ತು.”

“ಆದರೆ ಮೀನು ತರ್ತಿದ್ರಲ್ಲ ನೀವು! ನಾನೇ ಹುರಿದಿದೀನಿ.”

“ಹೂಂ. ಅಂಗಡಿ ಮೀನು. ಮನೆ ಹತ್ರ ಬಂದಾಗ ಚೀಟಿ ಕಿತ್ತು ಬಿಸಾಕ್ತಿದ್ವಿ.”

ಸಂದ್ರಿನ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ನಗುವಿಗೆ ಕುಲುಕುತ್ತಿತ್ತು. ಸೊಲಾಂಜ್ ನಗಲಿಲ್ಲ.

“ಹೋದ ವರ್ಷಾನೂ ಬಂದಿದ್ರಾ?”

“ಬಂದಿದ್ವಿ. ಹುಡುಕೋದು ಹೋದ ವರ್ಷವೇ ಮುಗೀತಲ್ಲ. ಆಯ್ತು ಒನೋರೆ, ಪೂರ್ತಿ ದಾರಿ ಸಿಕ್ತು ಅಂದ. ಬೆಝಿಯೆ ಮುಟ್ಟೋವರೆಗೂ. ಈ ಚಳಿಗಾಲದಲ್ಲಿ ಸೊಲಾಂಜ್‌ಗೆ ಹೇಳ್ತೀನಿ, ಸೆಪ್ಟೆಂಬರಲ್ಲಿ ಹೊರಡ್ತೀವಿ ಅಂದ.” ಒನೋರೆಯ ದನಿ ತಗ್ಗಿತು. “ಹೇಳಲಿಲ್ವಾ ನಿಂಗೆ?”

* * *

ಹೇಳಿದ್ದ.

ಫೆಬ್ರವರಿಯ ಒಂದು ಸಂಜೆ. ಹೊರಗೆ ಹಿಮ ಕರಗಿ ಕೆಸರಾಗಿತ್ತು. ಮೇಣಬಟ್ಟೆಯ ಮೇಲೆ ನಕ್ಷೆ, ನಕ್ಷೆಯ ನಾಲ್ಕು ಮೂಲೆಗೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಅವನ ಕನ್ನಡಕದ ಗೂಡು, ಅವಳ ಕಾಫಿ ಬಟ್ಟಲು.

“ಈ ಸೆಪ್ಟೆಂಬರಿಗೆ ಹೋಗೋಣವಾ ಸೊಲಾಂಜ್? ಈ ಸಲ ನಿಂಗೆ ಏನೂ ಆಗಲ್ಲ.”

“ಏನೂ ಆಗಲ್ಲ ಅಂತ ಮದುವೆ ಆದಾಗಿಂದ ಹೇಳ್ತಿದೀಯ.”

“ಈ ಸಲ ನಿಜವಾಗ್ಲೂ.”

ಅವಳು ತೊಟ್ಟಿಯಿಂದ ತಿರುಗಲಿಲ್ಲ. ಆವತ್ತು ಮೊಣಕಾಲು ನೋಯುತ್ತಿತ್ತು, ಅಷ್ಟೆ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ. “ಈ ವಯಸ್ಸಲ್ಲಿ ಯಾತಕ್ಕೆ ಅಬೆಲ್? ಹೋಗಲೇಬೇಕು ಅಂದ್ರೆ ರೈಲಲ್ಲಿ ಹೋಗೋಣ. ಸಾಕು ಈ ನಕ್ಷೆ.”

ಹಿಂದಿನಿಂದ ಕಾಗದದ ಸದ್ದು ಕೇಳಿತು. ಅಷ್ಟು ದೊಡ್ಡ ನಕ್ಷೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಲು ಆ ಮನೆಯಲ್ಲಿ ಬರುತ್ತಿದ್ದದ್ದು ಅವನೊಬ್ಬನಿಗೆ. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು. ಆ ಸಂಜೆ ಮೇಜು ಒರೆಸಲು ಬಂದಾಗ ಅವಳು ನೋಡಿದಳು: ನಕ್ಷೆ ತಪ್ಪು ಮಡಿಕೆಯಲ್ಲಿ ಉಬ್ಬಿಕೊಂಡು ಬಿದ್ದಿತ್ತು. ಅದನ್ನು ಹಾಗೇ ಪಕ್ಕಕ್ಕೆ ಸರಿಸಿ ಮೇಜು ಒರೆಸಿದಳು. ಅವನು ಪಕ್ಕದ ಕೋಣೆಯಲ್ಲಿ ಟೀವಿ ಹಾಕಿಕೊಂಡು ಕೂತಿದ್ದ.

ಮತ್ತೆ ಅವನು ಕೇಳಲಿಲ್ಲ. ಬೇಸತ್ತಿರಬೇಕು ಅಂದುಕೊಂಡಳು, ದಾರಿಗೆ ಬೇಸತ್ತನೋ ತನಗೆ ಬೇಸತ್ತನೋ ಎಂದು ಯೋಚಿಸಿ, ಯೋಚನೆಯನ್ನು ಅಲ್ಲಿಗೇ ಬಿಟ್ಟಳು. ಏಪ್ರಿಲ್‌ನಲ್ಲಿ ಕಾಯಿಲೆ ಹಿಡಿಯಿತು.

* * *

“ಮದಾಮ್,” ಎಂದಳು ಸಂದ್ರಿನ್. ರೇಡಿಯೋದ ಸದ್ದು ತಗ್ಗಿಸಿದಳು. “ಸೇತುವೆ ದಾಟಿದ ಮೇಲೆ ದಾರಿ ಬಿಡತ್ತೆ ಅಂತಿದಾರೆ. ಹಿಂಗೇ ತೆವಳ್ಕೊಂಡು ಹೋದ್ರೆ ಸ್ಮಶಾನದ ಬಾಗಿಲು ಹಾಕೋದ್ರೊಳಗೆ ಮುಟ್ಟಬಹುದು. ಕಷ್ಟ, ಆದ್ರೆ ಆಗತ್ತೆ.”

ಸೊಲಾಂಜ್ ಮುಂದಿನ ಗಾಜಿನಾಚೆ ನೋಡಿದಳು. ಸ್ವಲ್ಪ ಮುಂದೆ, ಬಲಬದಿಗೆ, ಹೆದ್ದಾರಿಯಿಂದ ಇಳಿಯುವ ಕವಲಿತ್ತು. ಖಾಲಿ ಖಾಲಿ.

“ಅಲ್ಲಿ ಇಳಿದ್ರೆ?”

“ಇಳಿದ್ರೆ ಮುಟ್ಟಲ್ಲ. ಗುಡ್ಡ ಹತ್ತಿ ಇಳಿದು ಹೋಗೋ ಹೊತ್ತಿಗೆ ಗುಂಡಿಯವರು ಮನೆಗೆ ಹೋಗಿರ್ತಾರೆ. ನಾಳೆ ಭಾನುವಾರ, ಮಣ್ಣು ಮಾಡಲ್ಲ. ಸೋಮವಾರವೇ.”

ಸೋಮವಾರ ಅಂದರೆ ಏನೆಂದು ಸೊಲಾಂಜ್‌ಗೆ ಗೊತ್ತಿತ್ತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕಸ್ತಾನ್ಯೆ ಮನೆತನದವರೆಲ್ಲ ಚದುರಿಹೋಗುತ್ತಾರೆ. ಪಾದ್ರಿ ಬೇರೆ ಊರಿಗೆ. ಸೋಮವಾರ ಬೆಳಿಗ್ಗೆ ಗುಂಡಿಯ ಬಳಿ ತಾನು, ಜೆರ್ಮೇನ್, ಕಣ್ಣು ಕಾಣದ ಒನೋರೆ. ಇಷ್ಟೇ ಜನ. ಕ್ಲೆರ್ಮೋಂನಲ್ಲೂ ಯಾರೂ ಜೊತೆಗೆ ಬರಲಿಲ್ಲ, ಅಲ್ಲೂ ಇರುವುದಿಲ್ಲ. ಬದುಕಿದ್ದಾಗ ಎಲ್ಲರ ಪ್ರಯಾಣದ ಚಿಂತೆ ಮಾಡಿದವನಿಗೆ.

ಮುಂದಿನ ಕಾರು ಒಂದು ಮಾರು ಸರಿಯಿತು. ಸಂದ್ರಿನ್ ಒಂದು ಮಾರು ಸರಿಸಿದಳು. ಕವಲು ಪಕ್ಕಕ್ಕೇ ಬಂತು.

“ಇಳಿಸಿ,” ಎಂದಳು ಸೊಲಾಂಜ್.

“ನಮ್ಮ ಯಜಮಾನರು...”

“ನಿಮ್ಮ ಯಜಮಾನರಿಗೆ ಮುದುಕಿ ಹಟ ಮಾಡಿದ್ಲು ಅನ್ನಿ. ಇಳಿಸಮ್ಮ.”

ಸಂದ್ರಿನ್ ಕನ್ನಡಿ ನೋಡಿದಳು, ಗುಳಿಗೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದಳು, ಬಲಕ್ಕೆ ತಿರುಗಿಸಿದಳು. ಟೋಪಿಯವನು ಅವರು ಹೋಗುವುದನ್ನು ನೋಡಿ ಮತ್ತೆ ಟೋಪಿ ತೆಗೆದ.

ಜೆರ್ಮೇನ್‌ಗೆ ಫೋನು ಮಾಡುವುದು ಮಾತ್ರ ಸೊಲಾಂಜ್‌ಳ ಪಾಲಿಗೇ ಬಂತು.

“ಏನಂದೆ? ಯಾವ ರಸ್ತೆ?” ಜೆರ್ಮೇನ್‌ಳ ದನಿ ಹಿಂದಿನ ಸೀಟಿಗೂ ಕೇಳಿಸುತ್ತಿತ್ತು. “ಪಾದ್ರಿ ಬಂದು ಕೂತಿದಾರೆ! ಚಿಕ್ಕಪ್ಪನ ಮಕ್ಕಳೆಲ್ಲ ಕೋಟು ಹಾಕ್ಕೊಂಡು ಬೆವರ್ತಿದಾರೆ! ನನ್ನ ತಮ್ಮನ ಹೆಣ ಇಟ್ಕೊಂಡು ಪ್ರವಾಸ ಹೊರಟಿದೀಯಾ ನೀನು?”

“ಹೌದು ಜೆರ್ಮೇನ್.”

ಜೆರ್ಮೇನ್‌ಗೆ ಸೊಲಾಂಜ್ ಹೀಗೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟದ್ದು ಇದೇ ಮೊದಲಿರಬೇಕು.

“ನಿಂಗೆ ತಿರುವು ಆಗಲ್ವಲ್ಲೇ,” ಎಂದಳು ಜೆರ್ಮೇನ್.

“ಇಲ್ಲ, ಆಗಲ್ಲ.”

“ಹಂಗಾದ್ರೆ ಯಾಕೆ?”

ಇದಕ್ಕೆ ಹೇಳಬೇಕಾದದ್ದು ಫೋನಿನಲ್ಲಿ ಹಿಡಿಸುವಂಥದಾಗಿರಲಿಲ್ಲ. “ಸೋಮವಾರ ನೋಡೋಣ ಜೆರ್ಮೇನ್. ಅವರಿಗೆಲ್ಲ ಊಟ ಹಾಕಿ ಕಳಿಸಿ,” ಎಂದಳು.

ಬೆಟ್ಟದ ನೆತ್ತಿಯ ಬಯಲಿಗೆ ಬಂದದ್ದೇ ಹೆದ್ದಾರಿಯ ಸದ್ದು ಎಲ್ಲೋ ಮುಳುಗಿಹೋಯಿತು. ಬೂದು ಕಲ್ಲು, ಮೊಣಕಾಲೆತ್ತರದ ಒಣಹುಲ್ಲು, ದೂರದಲ್ಲಿ ಕಲ್ಲುಗಳ ಹಾಗೇ ಕಾಣುವ ಕುರಿಗಳು. ಆಕಾಶ ಬಹಳ. ರಸ್ತೆ ದಾರ ಎಳೆದು ಕಟ್ಟಿದಷ್ಟು ನೇರ. ಸೊಲಾಂಜ್ ಕಣ್ಣು ಮುಚ್ಚದೆ ಕೂತಿದ್ದಳು.

“ಬಯಲು ಬಂತಾ?” ಎಂದ ಒನೋರೆ. “ಇಲ್ಲಿ ಒಂದು ತೊಟ್ಟು ಚೆಲ್ತಿರಲಿಲ್ಲ. ಬೆಟ್ಟದ ಮೇಲೆ ಹೋದ್ರೆ ದಾರಿ ನೇರ, ಬೆಟ್ಟದ ಪಕ್ಕದಲ್ಲಿ ಹೋದ್ರೆ ತಿರುವು ಕಣೋ ಅನ್ನೋನು. ಅದನ್ನ ಕಂಡುಹಿಡಿದ ದಿನ ನಂಗೆ ಬಿಯರ್ ಕುಡಿಸಿದ್ದ.”

ತಾರ್ನ್ ನದಿಗೆ ದಾರಿ ಉದ್ದಕ್ಕೆ, ಹಾಯಾಗಿ ಇಳಿಯಿತು. ಸೇತುವೆ ದಾಟಿ ಮತ್ತೆ ಏರಿ ಇನ್ನೊಂದು ಬಯಲು. ಅಲ್ಲಿ ರಸ್ತೆ ಎರಡಾಗಿ ಒಡೆದಿತ್ತು. ಸಂದ್ರಿನ್ ಗಾಡಿ ನಿಲ್ಲಿಸಿದಳು.

“ಫೋನು ಬಲಕ್ಕೆ ಅಂತಿದೆ. ಮತ್ತೆ ಹೆದ್ದಾರಿಗೆ ಕರ್ಕೊಂಡು ಹೋಗತ್ತೆ ಇದು. ಯಾವ ಕಡೆ ಮೆಸ್ಯೋ?”

ಒನೋರೆ ಮುಖವನ್ನು ಗಾಳಿಗೆ ಒಡ್ಡಿದ. ಅತ್ತ ತಿರುಗಿದ, ಇತ್ತ ತಿರುಗಿದ. “ಇಲ್ಲಿ ನಾನು... ಊಟ ಆಗಿರ್ತಿತ್ತು ನೋಡಮ್ಮ. ವೈನೂ ಆಗಿರ್ತಿತ್ತು. ಬಯಲಲ್ಲಿ ಹೆಂಗೂ ಚೆಲ್ಲಲ್ಲ ಅಂತ ಲೋಟ ಅವನ ಕೈಗೆ ಕೊಟ್ಟು ನಿದ್ದೆ ಹೊಡೀತಿದ್ದೆ.”

“ಎಂಥ ಸಹಾಯಕನಪ್ಪ ನೀನು!” ಎಂದಳು ಸೊಲಾಂಜ್.

“ಸಂಬಳ ಕೊಡ್ತಿದ್ನಾ?”

ಗಾಳಿ ಹುಲ್ಲಿನ ಮೇಲೆ ಹಾದುಹೋಯಿತು. ಫಲಕವೊಂದಿತ್ತು, ಅದರ ಮೇಲಿನ ಹೆಸರುಗಳನ್ನು ಬಿಸಿಲು ತಿಂದುಹಾಕಿತ್ತು. ಸೊಲಾಂಜ್ ಎರಡು ದಾರಿಯನ್ನೂ ನೋಡಿದಳು. ಎರಡೂ ಒಂದೇ ತರ. ತಾನು ಈ ಜಾಗವನ್ನು ಯಾವತ್ತೂ ಕಂಡವಳಲ್ಲ.

“ಎಡಕ್ಕೆ,” ಎಂದಳು.

“ನಿಂಗೆ ಹೆಂಗೆ ಗೊತ್ತು?”

“ಎಡಕ್ಕೆ ಹೋದ್ರೆ ಮೊದಲು ಕಲ್ಲಿನ ಶಿಲುಬೆ ಸಿಗತ್ತೆ. ಆಮೇಲೆ ಕುರಿಗಳು ನೀರು ಕುಡಿಯೋ ಗುಂಡಗಿನ ಕೊಳ, ಕಲ್ಲು ಹಾಸಿರೋದು. ಆಮೇಲೆ ಪೈನ್ ಮರಗಳು. ಮರ ಮುಗಿದ ಕಡೆ ದಾರಿ ದೂರ್ಬಿ ಹೊಳೆಗೆ ಇಳಿಯತ್ತೆ. ಹೊಳೆ ದಾಟಿದ್ರೆ ನಾಂ ಅನ್ನೋ ಊರು. ನಾಂ ಆದ್ಮೇಲೆ ಲಾರ್ಜಾಕ್ ಬಯಲು, ಲೊದೇವ್, ಬೆಝಿಯೆ.”

ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಹೇಳಿದವಳಿಗೇ ಆಶ್ಚರ್ಯವಾಗಿತ್ತು. ತಟ್ಟೆಗಳ ಸದ್ದಿನ ನಡುವೆ, ಬೆನ್ನಿನ ಹಿಂದಿನಿಂದ ಬಂದದ್ದೆಲ್ಲ ಕೂತಿತ್ತು, ಒಂದೂ ಆಚೀಚೆಯಾಗದೆ. ಅಬೆಲ್ ಕೇಳುತ್ತಿದ್ದನಲ್ಲ, ಕೇಳಿಸಿಕೊಳ್ಳುತ್ತಿದ್ದೀಯಾ ಎಂದು. ಇವಳ ಹೂಂ ಸುಳ್ಳಾಗಿರಲಿಲ್ಲ. ಅದು ಅವನಿಗೂ ತಿಳಿಯಲಿಲ್ಲ, ಇವಳಿಗೂ ತಿಳಿದಿರಲಿಲ್ಲ.

ಎಡಕ್ಕೆ ಹೋದರು. ಕಲ್ಲಿನ ಶಿಲುಬೆ ಬಂತು. ಕೊಳ ಬಂತು, ಬೇಸಿಗೆಗೆ ಬತ್ತಿ ತಳದಲ್ಲಿ ಒಂದಿಷ್ಟು ಹಸಿರು ನೀರಿತ್ತು. ಪೈನ್ ಮರಗಳು ಬಂದವು. ಪ್ರತಿಯೊಂದು ಬಂದಾಗಲೂ ಸಂದ್ರಿನ್ ಸೊಲಾಂಜ್ ಕಡೆ ನೋಡಿದಳು. ಸೊಲಾಂಜ್ ಒಮ್ಮೆ ಹಿಂದೆ ತಿರುಗಿ ತೆಳುಗೋಡೆಯನ್ನು ನೋಡಿ, ಮತ್ತೆ ಮುಂದಕ್ಕೆ ತಿರುಗಿದಳು.

ಮರಗಳು ಮುಗಿದವು. ನೆಲ ಅಲ್ಲಿಗೇ ಕಡಿದು ಹೋದ ಹಾಗೆ ಕಣಿವೆ ಬಾಯಿ ತೆರೆಯಿತು. ಅಂಚಿನಲ್ಲೇ ಬಂಡೆಗೆ ಅಂಟಿಕೊಂಡ ಒಂದು ಊರು, ಅದರ ಪಾದದಲ್ಲಿ, ತುಂಬ ಕೆಳಗೆ, ಹೊಳೆ. ರಸ್ತೆ ಊರನ್ನು ಬಳಸಿ, ಹಾವು ಮುದುಡಿಕೊಂಡ ಹಾಗೆ ಮಡಿಕೆ ಮಡಿಕೆಯಾಗಿ ಇಳಿಯುತ್ತಿತ್ತು.

“ನಿಲ್ಸಮ್ಮ, ನಿಲ್ಸು!” ಎಂದ ಒನೋರೆ. “ಗಾಳಿ ಕೆಳಗಿಂದ ಬರ್ತಿದೆ. ಇದೇ ಅದು.”

“ಯಾವುದು?”

“ಚೆಲ್ಲೋ ಜಾಗ. ಇದೊಂದು ಇಳಿಜಾರಿಗೆ ಅವನ ಹತ್ರ ಮದ್ದೇ ಇರಲಿಲ್ಲ. ನಡೆಯೋನಿಗಿಂತ ನಿಧಾನ ಓಡಿಸ್ದ, ಆದ್ರೂ ಚೆಲ್ತು. ಕೆಳಗೆ ಕಾಫಿ ಅಂಗಡಿಯವಳು ನನ್ನ ಪ್ಯಾಂಟು ನೋಡಿ, ಪಾಪ ತಾತನಿಗೆ ವಯಸ್ಸಾಯ್ತು ಅಂತ ಟಾಯ್ಲೆಟ್ಟು ಎಲ್ಲಿದೆ ತೋರ್ಸಿದ್ಲು.”

“ಮತ್ತೆ ಪೂರ್ತಿ ದಾರಿ ಸಿಕ್ತು ಅಂದ ಅಂದೆಯಲ್ಲ.”

“ಸಿಕ್ತಲ್ಲ. ಹೋದ ವರ್ಷ ಜೂನಲ್ಲಿ ನನ್ನ ಇಲ್ಲೇ ಕಾರಲ್ಲಿ ಕೂರ್ಸಿ ಎಲ್ಲಿಗೋ ಹೋದ. ಎಷ್ಟು ಹೊತ್ತಾದ್ರೂ ಬರಲಿಲ್ಲ. ಆಮೇಲೆ ಏದುಸಿರು ಬಿಟ್ಕೊಂಡು ಬಂದ.” ಒನೋರೆ ಕೈಯನ್ನು ಗಾಳಿಯಲ್ಲಿ ಚಾಚಿದ, ತೋರಿಸಬೇಕಾದ್ದು ಬೇರೆ ಕಡೆಗಿತ್ತು. “ಇಲ್ಲೆಲ್ಲೋ ಊರೊಳಗಿಂದ ಮೆಟ್ಟಿಲು ದಾರಿ ಇದೆಯಂತೆ, ಹೊಳೆವರೆಗೂ. ಸೊಲಾಂಜ್ ಇಲ್ಲಿ ಇಳೀತಾಳೆ ಅಂದ. ಮೆಟ್ಟಿಲು ಇಳಿದು ಹೋಗಿ ಸೇತುವೆ ಹತ್ರ ನಿಂತಿರ್ತಾಳೆ. ನಾನು ಕಾರು ಸುತ್ತಿಸ್ಕೊಂಡು ಬಂದು ಹತ್ತಿಸ್ಕೊಳ್ತೀನಿ. ಅಷ್ಟೇ ಅಲ್ವೇನೋ, ಇಷ್ಟು ವರ್ಷ ಹೊಳೀಲೇ ಇಲ್ಲ ನೋಡು ಅಂದ.”

ಮೆಟ್ಟಿಲು ಇತ್ತು. ಎರಡು ಮನೆಗಳ ನಡುವೆ, ಕಿರಿದಾಗಿ, ಕಲ್ಲಿನ ಅಂಚು ಸವೆದು. ಪಕ್ಕದಲ್ಲಿ ಕಬ್ಬಿಣದ ಕೈಹಿಡಿಯೂ ಇತ್ತು. ಅದನ್ನೂ ನೋಡಿಕೊಂಡಿರುತ್ತಾನೆ, ಅಂದುಕೊಂಡಳು ಸೊಲಾಂಜ್. ಬೆಲ್ಟು ಬಿಚ್ಚಿ ಇಳಿದಳು.

“ನಾನೂ ಜೊತೆಗೆ ಬರ್ಲಾ ಮದಾಮ್?” ಎಂದಳು ಸಂದ್ರಿನ್. “ಗಾಡಿ ಇಲ್ಲೇ ಇರ್ಲಿ, ಆಮೇಲೆ ಬಂದು ತಗೊಂಡು ಹೋಗ್ತೀನಿ.”

“ಬೇಡ. ನೀವು ಅಬೆಲ್‌ನ ಕರ್ಕೊಂಡು ಬನ್ನಿ.”

ಮೆಟ್ಟಿಲ ದಾರಿಯಲ್ಲಿ ತಂಪಿತ್ತು. ಬಿಸಿಲಿಗೆ ಮುಚ್ಚಿದ ಕಿಟಕಿಗಳ ಹಿಂದೆ ಯಾರೋ ಚಮಚ ತೊಳೆಯುವ ಸದ್ದು, ಒಂದು ಮಗುವಿನ ಕೆಮ್ಮು. ಒಂದು ಕಡೆ ಮೊಣಕಾಲು ಹಿಡಿದುಕೊಂಡು ನಿಂತಳು, ಮತ್ತೆ ಇಳಿದಳು. ಕೊನೆಯ ಮೆಟ್ಟಿಲು ರಸ್ತೆಗೇ ಬಂದು ಮುಟ್ಟಿತ್ತು. ಹೊಳೆ ಸಣ್ಣದು, ನೀರು ತಿಳಿ, ತಳದ ಕಲ್ಲು ಕಾಣುತ್ತಿತ್ತು. ಸೇತುವೆಯ ಬಳಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಯಾರೂ ಇರಲಿಲ್ಲ.

ಮೇಲಿನಿಂದ ಎಂಜಿನ್ನಿನ ಸದ್ದು ಬಂತು. ಒಂದು ಮಡಿಕೆಗೆ ಕೇಳಿಸಿತು, ಇನ್ನೊಂದು ಮಡಿಕೆಗೆ ಅಡಗಿತು, ಮತ್ತೆ ಕೇಳಿಸಿತು, ಸ್ವಲ್ಪ ಹತ್ತಿರದಲ್ಲಿ. ಸೊಲಾಂಜ್ ಕಪ್ಪು ಲಂಗದ ಧೂಳು ಕೊಡವಿದಳು. ಹಣೆಗೆ ಅಂಟಿದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಸದ್ದು ಬಂಡೆಯ ಮರೆಯಲ್ಲಿ ತುಂಬ ಹೊತ್ತು ಇಲ್ಲವಾಯಿತು. ಅವಳು ಗೋಡೆ ಬಿಟ್ಟು ರಸ್ತೆಯ ಅಂಚಿಗೆ ಬಂದಳು.

ಕೊನೆಯ ತಿರುವಿನಲ್ಲಿ ಕಪ್ಪು ಗಾಡಿಯ ಮೂತಿ ಕಾಣಿಸಿತು. ಸಂತೆಗೆ ಹೊರಟವಳು ಬಸ್ಸಿಗೆ ಮಾಡುವ ಹಾಗೆ, ಅದು ತನ್ನನ್ನು ಬಿಟ್ಟು ಮುಂದೆ ಹೋಗದಿರಲೆಂದು, ಸೊಲಾಂಜ್ ಕೈ ಎತ್ತಿದಳು.